ಕಾಗದದ ಮೇಲೆ ಬರೆದು ಕೇಳಿದ್ದು

1963ರ ನವೆಂಬರ್ 22. ಲಾಸ್ ಏಂಜಲೀಸ್‌ನ ಮನೆಯೊಂದರಲ್ಲಿ ಲೇಖಕ ಆಲ್ಡಸ್ ಹಕ್ಸ್‌ಲಿ ಸಾವಿನ ಹಾಸಿಗೆಯಲ್ಲಿದ್ದರು. ಕ್ಯಾನ್ಸರ್ ಅವರ ಮಾತನ್ನು ಕಿತ್ತುಕೊಂಡಿತ್ತು. ಕಾಗದ ತರಿಸಿಕೊಂಡು, ನೂರು ಮೈಕ್ರೊಗ್ರಾಂ ಎಲ್‌ಎಸ್‌ಡಿ ಚುಚ್ಚುವಂತೆ ಹೆಂಡತಿ ಲಾರಾಗೆ ಬರೆದು ತೋರಿಸಿದರು. ಪಕ್ಕದ ಕೋಣೆಯ ಟಿವಿಯಲ್ಲಿ ಅಧ್ಯಕ್ಷ ಕೆನಡಿಗೆ ಗುಂಡು ಬಿದ್ದ ಸುದ್ದಿ. ಲಾರಾ ತಾವೇ ಸೂಜಿ ಹಾಕಿದರು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಸಂಜೆ ಉಸಿರು ನಿಲ್ಲುವ ತನಕ ಕಿವಿಯ ಬಳಿ ಬಾಗಿ, ಹಗುರವಾಗಿ ಹೋಗು, ಬೆಳಕಿನ ಕಡೆಗೆ ಹೋಗು ಎನ್ನುತ್ತಲೇ ಇದ್ದರು.

ಇದು ಒಬ್ಬ ಲೇಖಕನ ವಿಚಿತ್ರ ಹಂಬಲ ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಆದರೆ 2016ರ ಡಿಸೆಂಬರ್‌ನಲ್ಲಿ ಎರಡು ಅಧ್ಯಯನ ಒಟ್ಟಿಗೆ ಹೊರಬಂದವು. ಒಂದು ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ 51 ಕ್ಯಾನ್ಸರ್ ರೋಗಿಗಳ ಮೇಲೆ ನಡೆದದ್ದು, ಇನ್ನೊಂದು ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ 29 ಜನರ ಮೇಲೆ. ಕೊಟ್ಟದ್ದು ಸಿಲೊಸೈಬಿನ್, ಕೆಲವು ಜಾತಿಯ ಅಣಬೆಗಳಲ್ಲಿರುವ, ಎಲ್‌ಎಸ್‌ಡಿಯಂತೆಯೇ ಮನಸ್ಸಿನ ಮೇಲೆ ಕೆಲಸ ಮಾಡುವ ರಾಸಾಯನಿಕ. ರೋಗಿ ಸೋಫಾದ ಮೇಲೆ ಮಲಗಬೇಕು. ಕಣ್ಣಿಗೆ ಪಟ್ಟಿ, ಕಿವಿಗೆ ಸಂಗೀತ. ಪಕ್ಕದಲ್ಲಿ ಇಬ್ಬರು ತಾಸುಗಟ್ಟಲೆ ಕದಲದೆ ಕೂತಿರುತ್ತಾರೆ. ಆರು ತಿಂಗಳ ಮೇಲೂ ಐವರಲ್ಲಿ ಸುಮಾರು ನಾಲ್ವರಿಗೆ ಆತಂಕ, ಖಿನ್ನತೆ ಇಳಿದಿತ್ತು. ಮದ್ದು ತರುವ, ಎಲ್ಲದರಲ್ಲೂ ತಾನು ಕರಗಿಹೋದಂಥ ಅನುಭವ ಗಾಢವಾದಷ್ಟೂ ಭಯ ಹೆಚ್ಚು ಕಳೆದಿತ್ತು.

ಮದ್ದಿನಿಂದ ಬಂದದ್ದು ಅಧ್ಯಾತ್ಮವೇ ಎಂದು ಕೇಳುವವರಿದ್ದಾರೆ. ಉಪವಾಸ, ಜಾಗರಣೆ, ಪ್ರಾಣಾಯಾಮಗಳೂ ಮೈಯ ಮೂಲಕವೇ ಮನಸ್ಸನ್ನು ಮುಟ್ಟುತ್ತವಲ್ಲ? ಗೋಡೆ ಕಡೆ ಮುಖ ಮಾಡಿ ಮಲಗಿದ್ದವರು ಇತ್ತ ತಿರುಗಿ ಮಕ್ಕಳ ಜೊತೆ ಮಾತಾಡುವಂತಾದರೆ ನನಗೆ ಅಷ್ಟು ಸಾಕು. ಹಾಗಂತ ಇದು ಯಾರು ಬೇಕಾದರೂ ತಿನ್ನುವ ಅಣಬೆಯಲ್ಲ. ಚಿತ್ತವಿಕಲತೆಯ ಹಿನ್ನೆಲೆ ಇರುವವರನ್ನು ಈ ಅಧ್ಯಯನಗಳಿಗೆ ಸೇರಿಸಿಕೊಳ್ಳಲೇ ಇಲ್ಲ. ಪಾಲ್ಗೊಂಡವರ ಸಂಖ್ಯೆಯೂ ಸಣ್ಣದು.

ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆ ಸಿಲೊಸೈಬಿನ್ ಅನ್ನು ನಿಷೇಧಿಸಿದೆ. ಇದೇ ಕಾಯ್ದೆಯ ಹೆದರಿಕೆಯಿಂದ ಮಾರ್ಫಿನ್ ಕೂಡ ಸಿಗದೆ ಕ್ಯಾನ್ಸರ್ ರೋಗಿಗಳು ನರಳಿ ನರಳಿ ಸತ್ತರು. ಅದನ್ನು ಸಡಿಲಿಸಲು 2014ರ ತಿದ್ದುಪಡಿ ಬರಬೇಕಾಯಿತು. ಸಾಯುತ್ತಿರುವವರ ವಿಷಯದಲ್ಲಿ ಇನ್ನೊಮ್ಮೆ ಅಷ್ಟು ತಡ ಮಾಡಬಾರದು. ನಮ್ಮ ದೊಡ್ಡ ಆಸ್ಪತ್ರೆಗಳಲ್ಲೂ, ಕಟ್ಟುನಿಟ್ಟಾದ ಕಣ್ಗಾವಲಿನಲ್ಲಿ, ಇದರ ಸಂಶೋಧನೆ ನಡೆಯಲಿ.

ಆದರೆ ಹಾಪ್‌ಕಿನ್ಸ್‌ನಲ್ಲಿ ಮದ್ದು ಕೊಡುವ ಮೊದಲು ತಾಸುಗಟ್ಟಲೆ ಮಾತು ನಡೆಯುತ್ತಿತ್ತು. ಬದುಕಿನ ಬಗ್ಗೆ, ಬರಲಿರುವ ಸಾವಿನ ಬಗ್ಗೆ. ತನಗೇನಾಗಿದೆ ಎಂದು ಅಲ್ಲಿ ಪ್ರತಿ ರೋಗಿಗೂ ಗೊತ್ತಿತ್ತು. ನನ್ನ ಸೋದರತ್ತೆಗೆ ನಾವು ಹೇಳಿರಲೇ ಇಲ್ಲ. ಡಾಕ್ಟರು ನಮ್ಮನ್ನು ಹೊರಗೆ ಕರೆದು ಹೇಳಿದರು, ನಾವು ಒಳಗೆ ಹೋಗಿ 'ಬರೀ ಗ್ಯಾಸ್ಟ್ರಿಕ್' ಅಂದೆವು. ಸ್ಕ್ಯಾನಿನ ಫೈಲನ್ನು ಬೀರುವಿನ ಮೇಲೆ, ಸೂಟ್‌ಕೇಸಿನ ಹಿಂದೆ ಇಟ್ಟೆವು. ಕೊನೆಯ ವಾರ ಒಂದು ಮಧ್ಯಾಹ್ನ ಅತ್ತೆ ಮಲಗಿದಲ್ಲಿಂದಲೇ ಬೀರುವಿನ ಕಡೆ ನೋಡುತ್ತಾ, 'ಆ ಫೈಲು ಕೆಳಗಿಳಿಸೋ, ನೋಡೋಣ' ಅಂದರು.

'ಯಾವ ಫೈಲತ್ತೆ?' ಅಂದೆ.