ಮುಯ್ಯಿ ಯಾರಿಗೆ, ಪೆಟ್ಟು ಯಾರಿಗೆ?

ಮದುವೆ ಮನೆಯಲ್ಲಿ ಮುಯ್ಯಿ ಬರೆಸುವ ಪದ್ಧತಿ ನಮಗೆ ಹೊಸದಲ್ಲ. ಅವರು ನಮ್ಮ ಮನೆಗೆ ಎಷ್ಟು ಹಾಕಿದರೋ ನಾವು ಅವರ ಮನೆಗೆ ಅಷ್ಟು ಹಾಕಬೇಕು. ಪ್ರಪಂಚದ ಸರ್ಕಾರಗಳೂ ವೀಸಾ ಶುಲ್ಕದಲ್ಲಿ ಇದೇ ಲೆಕ್ಕ ಹಿಡಿದಿವೆ. ನಮ್ಮ ಪ್ರಜೆಯಿಂದ ನೀವು ಎಷ್ಟು ವಸೂಲು ಮಾಡುತ್ತೀರೋ ನಿಮ್ಮ ಪ್ರಜೆಯಿಂದ ನಾವೂ ಅಷ್ಟೇ ವಸೂಲು ಮಾಡುತ್ತೇವೆ ಎಂಬುದು ಇದರ ತಿರುಳು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಈ ಮುಯ್ಯಿ ಯಾರ ಜೇಬಿನಿಂದ ಹೋಗುತ್ತದೆ, ಇದರಿಂದ ಯಾರ ಒಲೆ ಆರುತ್ತದೆ ಎಂದು ದುಡಿಯುವ ಜನ ಕೇಳಲೇಬೇಕು.

ಅರ್ಜೆಂಟೀನಾ ದೇಶದ ಸಂಗತಿಯನ್ನು ನೋಡಿ. ಅಲ್ಲಿಯ ಸರ್ಕಾರ 2009ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕ, ಕೆನಡಾ ಮತ್ತು ಆಸ್ಟ್ರೇಲಿಯದ ಪ್ರವಾಸಿಗಳ ಮೇಲೆ ಮುಯ್ಯಿ ಶುಲ್ಕ ಹಾಕಿತು. ಅಮೆರಿಕದವರಿಗೆ ಮೊದಲು 131 ಡಾಲರು, ಆಮೇಲೆ 140, ಕೊನೆಗೆ 160. ಸಿಟ್ಟಿಗೆ ಕಾರಣವಿಲ್ಲದಿರಲಿಲ್ಲ. ಅಮೆರಿಕಕ್ಕೆ ಹೋಗಬಯಸುವ ಅರ್ಜೆಂಟೀನಾದವನು ಅಷ್ಟೇ ಹಣ ಕಟ್ಟಬೇಕಿತ್ತು. ವೀಸಾ ನಿರಾಕರಿಸಿದರೂ ಹಣ ವಾಪಸಿಲ್ಲ. ಈ ನೋವು ನಮ್ಮವರಿಗೂ ಗೊತ್ತು. 2023ರ ಜೂನ್ ತಿಂಗಳಲ್ಲಿ ಅಮೆರಿಕ ತನ್ನ ಪ್ರವಾಸಿ ವೀಸಾದ ಅರ್ಜಿ ಶುಲ್ಕವನ್ನು 185 ಡಾಲರಿಗೆ ಏರಿಸಿತು. ಬೆಂಗಳೂರಿನವನೇ ಆಗಲಿ ಬಳ್ಳಾರಿಯವನೇ ಆಗಲಿ, ಅರ್ಜಿ ಬಿದ್ದುಹೋದರೆ ಕಟ್ಟಿದ್ದು ಹೋದಂತೆಯೇ.

ಆದರೆ ಅರ್ಜೆಂಟೀನಾ ಸಾಧಿಸಿದ್ದೇನು? ಆ ಶುಲ್ಕ ಜಾರಿಯಲ್ಲಿದ್ದ ಆರು ವರ್ಷಗಳಲ್ಲಿ ಅಮೆರಿಕ ತನ್ನ ದರವನ್ನು ಒಂದು ಡಾಲರೂ ಇಳಿಸಲಿಲ್ಲ, ಏರಿಸಿತು. ಅದು ಏರಿದಂತೆ ಇದೂ ಏರಿತು. ಕೊನೆಗೆ 2016ರ ಮಾರ್ಚಿಯಲ್ಲಿ, ಅಧ್ಯಕ್ಷ ಒಬಾಮಾ ಭೇಟಿಯ ಹೊತ್ತಿಗೆ, ಅರ್ಜೆಂಟೀನಾವೇ ಅಮೆರಿಕದವರ ಶುಲ್ಕವನ್ನು ನಿಲ್ಲಿಸಿತು. ಅದರ ಪ್ರಜೆಗಳು ಮಾತ್ರ ಅಮೆರಿಕದ ವೀಸಾಕ್ಕೆ ಹಣ ಕಟ್ಟುವುದು ತಪ್ಪಲಿಲ್ಲ.

ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆ ಇದಕ್ಕೆ ಸರಿಯಾಗಿ ಹೊಂದುತ್ತದೆ. ದರ ಗೊತ್ತುಮಾಡಿದ್ದು ವಾಷಿಂಗ್ಟನ್ನಿನ ಸರ್ಕಾರ. ತೆತ್ತಿದ್ದು ರಜೆ ಕೂಡಿಸಿಕೊಂಡು ಹೊರಟ ಸಂಸಾರಸ್ಥ. ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ 640 ಡಾಲರು! ಶ್ರೀಮಂತನಿಗೆ ಇದು ಲೆಕ್ಕಕ್ಕಿಲ್ಲ. ಎಣಿಸಿ ಖರ್ಚು ಮಾಡುವವನು ದಾರಿ ಬದಲಾಯಿಸುತ್ತಾನೆ. ಮೊದಮೊದಲು ಬ್ಯೂನಸ್ ಐರಿಸ್ಸಿನ ವಿಮಾನ ನಿಲ್ದಾಣದಲ್ಲಿ ಮಾತ್ರ ವಸೂಲಿ ಇದ್ದುದರಿಂದ, ಉರುಗ್ವೆಗೆ ಹೋಗಿ ದೋಣಿ ಹತ್ತಿ ಬಂದವನಿಗೆ ಶುಲ್ಕ ತಪ್ಪುತ್ತಿತ್ತು. ಟಿಟಿಕಾಕ ಸರೋವರದ ಒಂದು ದಂಡೆ ಪೆರು ದೇಶದ್ದು, ಇನ್ನೊಂದು ಬೊಲಿವಿಯದ್ದು. ಪೆರು ಅಮೆರಿಕದ ಪ್ರವಾಸಿಯಿಂದ ವೀಸಾ ಕೇಳುತ್ತಿರಲಿಲ್ಲ. ಬೊಲಿವಿಯ 2007ರ ಡಿಸೆಂಬರಿನಿಂದ ವೀಸಾವನ್ನೂ ಶುಲ್ಕವನ್ನೂ ಕೇಳಿತು. ನೀರು ಒಂದೇ, ಬೆಟ್ಟ ಒಂದೇ. ಕೈಯಲ್ಲಿ ಕಾಸು ಕಡಿಮೆ ಇದ್ದವನು ಯಾವ ದಂಡೆಯಲ್ಲಿ ನಿಲ್ಲುತ್ತಾನೆಂದು ಹೇಳಬೇಕೆ?

ಅಂಗಡಿ ಇಟ್ಟವರಿಗೆ ಇದು ಬೇಗ ಅರ್ಥವಾಗುತ್ತದೆ. ಎದುರು ಬೀದಿಯ ಸಾಹುಕಾರನ ಮೇಲಿನ ಸಿಟ್ಟಿಗೆ ಅವನ ಬೀದಿಯ ಗಿರಾಕಿಗಳಿಂದ ಬಾಗಿಲಲ್ಲೇ ದಂಡ ಕೇಳಿದರೆ, ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಸಾಹುಕಾರನಿಗೆ ನಷ್ಟವಿಲ್ಲ. ಖಜಾನೆಗೆ ನಾಲ್ಕು ಕಾಸು ಬಂದೀತು. ಆದರೆ ಬಾರದ ಪ್ರವಾಸಿಯಿಂದ ಕೂಲಿ ಕಳೆದುಕೊಳ್ಳುವವರು ಹೋಟೆಲಿನ ಅಡಿಗೆಯವನು, ದೋಣಿಯವನು, ಕಂಬಳಿ ನೇಯ್ದು ಮಾರುವ ಹೆಂಗಸು.

ಹಾಗಾದರೆ ಅವಮಾನವನ್ನು ನುಂಗಿಕೊಂಡಿರಬೇಕೆ? ಬೇಡ. ಸಮಾನತೆಯ ಹಕ್ಕನ್ನು ಕೇಳಬೇಕಾದ ಜಾಗ ಮಾತುಕತೆಯ ಮೇಜು. ಚಿಲಿ ದೇಶವೂ ಅಮೆರಿಕದವರಿಂದ ಇಂಥ ಶುಲ್ಕ ಪಡೆಯುತ್ತಿತ್ತು. 2014ರಲ್ಲಿ ಚಿಲಿಯ ಪ್ರಜೆಗಳಿಗೆ ವೀಸಾ ಇಲ್ಲದ ಪ್ರವೇಶ ದೊರೆತಾಗ ಅದನ್ನು ಕೈಬಿಟ್ಟಿತು. ಬ್ರೆಜಿಲ್ 2019ರಲ್ಲಿ ತಾನಾಗಿಯೇ ತೆಗೆದುಹಾಕಿದ್ದ ವೀಸಾವನ್ನು ಮತ್ತೆ ತರುವುದಾಗಿ ಹೇಳಿದಾಗ, ಜಪಾನ್ ಒಪ್ಪಂದಕ್ಕೆ ಬಂತು. 2023ರ ಸೆಪ್ಟೆಂಬರ್ 30ರಿಂದ ಎರಡು ದೇಶಗಳ ಜನರಿಗೂ ಪರಸ್ಪರ ವೀಸಾ ತಪ್ಪಿತು. ಒಪ್ಪಂದವಾಗದ ಅಮೆರಿಕ, ಕೆನಡಾ, ಆಸ್ಟ್ರೇಲಿಯದವರಿಗೆ 2025ರ ಏಪ್ರಿಲ್ 10ರಿಂದ ವೀಸಾ ಮತ್ತೆ ಬಂತು. ಮುಯ್ಯಿಯ ಮಾತು ಒಪ್ಪಂದಕ್ಕೆ ದಾರಿಯಾದರೆ ಅದು ಆಯುಧ. ಬರಿಯ ವಸೂಲಿಯಾಗಿ ನಿಂತರೆ ಅದು ಸುಂಕದ ಕಟ್ಟೆ.

ನಮ್ಮ ಸರ್ಕಾರವೂ ಪ್ರತಿಯೊಂದು ದೇಶದೊಡನೆ ಮಾತಿಗೆ ಕೂತಾಗ ಎರಡು ಬೇಡಿಕೆಗಳನ್ನು ಬಿಡದೆ ಮುಂದಿಡಬೇಕು. ನಿರಾಕರಿಸಿದ ಅರ್ಜಿಯ ಹಣವನ್ನು ಹಿಂತಿರುಗಿಸಬೇಕು. ಶುಲ್ಕವು ಕಚೇರಿಯ ನಿಜವಾದ ಖರ್ಚನ್ನು ಮೀರಬಾರದು. ಈ ಎರಡನ್ನೂ ನಮ್ಮ ದೇಶಕ್ಕೆ ಬರುವವರ ವಿಷಯದಲ್ಲಿ ನಾವೂ ಪಾಲಿಸಬೇಕು. ಮುಯ್ಯಿ ಎಂದರೆ ಅದು.