ಭಾನುವಾರದ ಧರ್ಮಸಂಕಟ

ಅಮೆರಿಕದ ಯೂಟಾ ರಾಜ್ಯದ ಪ್ರೋವೋ ನಗರದಲ್ಲಿ ವಾಸವಾಗಿರುವ ಮಾರ್ಮನ್ ಮತದ ಗೃಹಸ್ಥನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಲಿ. ನಾಲ್ವರು ಮಕ್ಕಳ ತಂದೆ. ಸಂಸಾರವೇ ಸರ್ವಸ್ವವೆಂದು ನಂಬಿದವನು. ಚಹಾ ಕಾಫಿಗಳು ಅವನ ಮನೆಯ ಹೊಸ್ತಿಲು ದಾಟುವಂತಿಲ್ಲ; ಮದ್ಯ, ಹೊಗೆಸೊಪ್ಪುಗಳ ಮಾತಂತೂ ದೂರವೇ ಉಳಿಯಿತು. ಬೆಳಗಿನ ಕಾಫಿಯಿಲ್ಲದೆ ವೃತ್ತಪತ್ರಿಕೆಯನ್ನು ಬಿಡಿಸಲಾರದವರಿಗೆ ಈ ಒಂದು ನಿಯಮವೇ ಆ ಮತದ ಬಗೆಗೆ ಭಯ ಹುಟ್ಟಿಸಲು ಸಾಕು. ಸಂಪಾದನೆಯ ಹತ್ತನೆಯ ಒಂದು ಪಾಲನ್ನು ಆತ ಚರ್ಚಿಗೆ ಒಪ್ಪಿಸುತ್ತಾನೆ. ತಿಂಗಳ ಮೊದಲ ಭಾನುವಾರ ಎರಡು ಹೊತ್ತಿನ ಊಟ ಬಿಟ್ಟು ಉಪವಾಸವಿದ್ದು, ಉಳಿದ ಊಟದ ಬೆಲೆಯನ್ನು ಬಡವರ ನಿಧಿಗೆ ಕೊಡುತ್ತಾನೆ. ಬಡಾವಣೆಯ ಸಭೆಗೆ ಸಂಬಳದ ಪಾದ್ರಿಯಿಲ್ಲ. ಭಾನುವಾರ ಬಿಷಪ್ಪನಾಗಿ ವೇದಿಕೆಯ ಮೇಲೆ ಕುಳಿತವನು ಸೋಮವಾರ ಹಲ್ಲಿನ ವೈದ್ಯನೋ ಲೆಕ್ಕಪತ್ರದ ಗುಮಾಸ್ತನೋ ಆಗಿರಬಹುದು.

ಇಷ್ಟೊಂದು ನೇಮನಿಷ್ಠೆಗಳ ಮನುಷ್ಯನಿಗೆ ಆಟದ ಹುಚ್ಚೆಲ್ಲಿಂದ ಬಂದೀತೆಂದು ಸಂಶಯಪಡಬೇಕಾಗಿಲ್ಲ. ಆ ಮತದವರ ಪ್ರಾರ್ಥನಾ ಮಂದಿರಗಳಲ್ಲಿ ಪೂಜಾಸ್ಥಾನಕ್ಕೆ ಅಂಟಿಕೊಂಡ ಸಭಾಂಗಣವೊಂದಿದ್ದು, ಅದರ ಎರಡು ತುದಿಗಳಲ್ಲಿ ಬ್ಯಾಸ್ಕೆಟ್‌ಬಾಲಿನ ಬುಟ್ಟಿಗಳು ತೂಗುತ್ತಿರುವುದು ಸಾಮಾನ್ಯ ನೋಟ. ಮದುವೆಯ ಔತಣವೂ ಅಲ್ಲಿಯೇ, ಮಕ್ಕಳ ನಾಟಕವೂ ಅಲ್ಲಿಯೇ, ಹುಡುಗರ ಪಂದ್ಯವೂ ಅಲ್ಲಿಯೇ.

ಮತದ ಇತಿಹಾಸ ಬಹು ಹಳೆಯದಲ್ಲ. ಜೋಸೆಫ್ ಸ್ಮಿತ್ ಅದನ್ನು ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದ್ದು 1830ರಲ್ಲಿ. 1844ರಲ್ಲಿ ಉದ್ರಿಕ್ತ ಗುಂಪೊಂದು ಆತನನ್ನು ಸೆರೆಮನೆಗೇ ನುಗ್ಗಿ ಕೊಂದಿತು. ಬಳಿಕ ಬ್ರಿಗಂ ಯಂಗ್ ಎಂಬ ಮುಖಂಡ ಅನುಯಾಯಿಗಳನ್ನು ಗಾಡಿಗಳಲ್ಲಿ ಕರೆದೊಯ್ದು 1847ರ ಜುಲೈ ತಿಂಗಳಲ್ಲಿ ಉಪ್ಪಿನ ಸರೋವರದ ಬಯಲನ್ನು ಮುಟ್ಟಿಸಿದನು. ಮಾರ್ಮನ್ ಎಂಬುದು ಲೋಕರೂಢಿಯ ಹೆಸರು. ಅದರ ಬದಲು ಸಂಸ್ಥೆಯ ಪೂರ್ಣನಾಮವನ್ನೇ ಬಳಸಬೇಕೆಂದು 2018ರಲ್ಲಿ ಅದರ ಅಧ್ಯಕ್ಷರು ಕೇಳಿಕೊಂಡರಾದರೂ, ರೂಢಿ ಅಷ್ಟು ಬೇಗ ಅಳಿಯುವಂಥದಲ್ಲ.

ಪ್ರೋವೋ ನಗರದಲ್ಲಿ 1875ರಲ್ಲಿ ಹುಟ್ಟಿದ ವಿದ್ಯಾಸಂಸ್ಥೆಯೇ ಇಂದಿನ ಬ್ರಿಗಂ ಯಂಗ್ ವಿಶ್ವವಿದ್ಯಾನಿಲಯ. ಅದರ ಫುಟ್‌ಬಾಲ್ ತಂಡವೇ ನಮ್ಮ ಗೃಹಸ್ಥನ ಎರಡನೆಯ ಸಂಸಾರ. ಅಮೆರಿಕನ್ನರ ಫುಟ್‌ಬಾಲ್ ಒದೆಯುವುದಕ್ಕಿಂತ ಹೆಚ್ಚಾಗಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ದೂರಕ್ಕೆ ಎಸೆಯುವ ಆಟ, ಚೆಂಡೂ ದುಂಡಗಿಲ್ಲ. ವಿಶ್ವವಿದ್ಯಾನಿಲಯಗಳ ಪಂದ್ಯಗಳು ಬಹುಮಟ್ಟಿಗೆ ಶನಿವಾರ ನಡೆಯುತ್ತವೆ. ಆ ದಿನ ಮನೆಮಂದಿಯೆಲ್ಲ ನೀಲಿ ಅಂಗಿ ತೊಟ್ಟು ಅರವತ್ತು ಸಾವಿರಕ್ಕೂ ಮಿಕ್ಕಿ ಜನ ಹಿಡಿಸುವ ಕ್ರೀಡಾಂಗಣಕ್ಕೆ ಹೊರಡುತ್ತಾರೆ. 1984ರಲ್ಲಿ ಈ ತಂಡ ಹದಿಮೂರು ಪಂದ್ಯಗಳಲ್ಲಿ ಒಂದನ್ನೂ ಸೋಲದೆ, ಕೊನೆಯದರಲ್ಲಿ ಮಿಷಿಗನ್ನನ್ನು 24–17ರಿಂದ ಮಣಿಸಿ ರಾಷ್ಟ್ರದ ಅಗ್ರಸ್ಥಾನವನ್ನು ಪಡೆಯಿತು. ಆ ಕಥೆಯನ್ನು ತಂದೆ ಮಕ್ಕಳಿಗೆ ಹೇಳುವಾಗ ಪುರಾಣಪ್ರವಚನದ ಧಾಟಿ ತಾನಾಗಿಯೇ ಬರುತ್ತದೆ. ಅಂದಿನ ಗುರು ಲವೆಲ್ ಎಡ್ವರ್ಡ್ಸ್ 1972ರಿಂದ 2000ದವರೆಗೆ ತಂಡವನ್ನು ನಡೆಸಿದರು; ಕ್ರೀಡಾಂಗಣಕ್ಕೆ ಅವರದೇ ಹೆಸರು. ನಿವೃತ್ತರಾದ ಮೇಲೆ ಅವರು ಪತ್ನಿಯೊಡನೆ ನ್ಯೂಯಾರ್ಕಿಗೆ ಹೋದದ್ದು ಚರ್ಚಿನ ಸೇವೆಗೆ.

ಉತ್ತರಕ್ಕೆ ಸುಮಾರು ಎಪ್ಪತ್ತು ಕಿಲೋಮೀಟರು ದೂರದ ಸಾಲ್ಟ್ ಲೇಕ್ ಸಿಟಿಯ ಯೂಟಾ ವಿಶ್ವವಿದ್ಯಾನಿಲಯದ್ದು ಕೆಂಪು ಬಣ್ಣ. ಈ ಎರಡರ ನಡುವಣ ಪಂದ್ಯಕ್ಕೆ ಜನ ಇಟ್ಟಿರುವ ಹೆಸರು ಧರ್ಮಯುದ್ಧ. ಕೆಂಪು ಪಕ್ಷದಲ್ಲಿಯೂ ಅದೇ ಮತದವರು ಬೇಕಾದಷ್ಟು ಮಂದಿ ಇರುವುದರಿಂದ ಈ ಹೆಸರಿನಲ್ಲಿ ಅರ್ಥಕ್ಕಿಂತ ವಿನೋದವೇ ಹೆಚ್ಚು. ಗಂಡ ನೀಲಿ, ಹೆಂಡತಿ ಕೆಂಪು ಎಂಬ ಮನೆಗಳೂ ಉಂಟು. ಅಲ್ಲಿ ಆ ವಾರ ಮೌನವೇ ಲೇಸು.

ಶನಿವಾರದ ಕೋಲಾಹಲ ನಡುರಾತ್ರಿಗೆ ಮುಗಿಯಬೇಕು. ಭಾನುವಾರ ದೇವರ ದಿನ, ವ್ಯಾಪಾರವಿಲ್ಲ, ಆಟವಿಲ್ಲ. ಆ ವಿಶ್ವವಿದ್ಯಾನಿಲಯದ ಯಾವ ತಂಡವೂ ಅಂದು ಅಂಗಣಕ್ಕೆ ಇಳಿಯುವುದಿಲ್ಲ. ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ವೇಳಾಪಟ್ಟಿ ರಚಿಸುವವರು ಸಹ ಈ ತಂಡಕ್ಕೆ ಭಾನುವಾರ ಬಾರದಂತೆ ನೋಡಿಕೊಳ್ಳಬೇಕಾಗುತ್ತದೆ. ಆದರೆ ಹಣಕ್ಕಾಗಿ ಆಡುವ ವೃತ್ತಿನಿರತರ ಫುಟ್‌ಬಾಲಿಗೆ ಭಾನುವಾರವೇ ಮುಖ್ಯ ದಿನ. ತಂದೆಯ ಕಷ್ಟ ಆರಂಭವಾಗುವುದು ಇಲ್ಲಿ.

1995ರ ಜನವರಿ 29, ಭಾನುವಾರ. ಬ್ರಿಗಂ ಯಂಗನ ನೇರ ವಂಶಸ್ಥರೂ, ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿ ಆಡಿದವರೂ ಆದ ಸ್ಟೀವ್ ಯಂಗ್, ವೃತ್ತಿಪರರ ಅಂತಿಮ ಪಂದ್ಯವಾದ ಸೂಪರ್ ಬೌಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡದ ಪರವಾಗಿ ಆರು ಟಚ್‌ಡೌನುಗಳಿಗೆ ಚೆಂಡೆಸೆದು ದಾಖಲೆ ಸ್ಥಾಪಿಸಿದರು. ಆ ದಿನದ ಶ್ರೇಷ್ಠ ಆಟಗಾರರೂ ಅವರೇ. ಅದೇ ವರ್ಷದ ಏಪ್ರಿಲಿನಲ್ಲಿ, ಅದೇ ವಿಶ್ವವಿದ್ಯಾನಿಲಯದ ಎಲೈ ಹೆರಿಂಗ್ ಎಂಬ ಭಾರೀ ಮೈಕಟ್ಟಿನ ತರುಣನನ್ನು ರೇಡರ್ಸ್ ತಂಡ ಆಯ್ದುಕೊಂಡಿತು. ಭಾನುವಾರ ಆಡಲಾರೆನೆಂದು ಆತ ಮೊದಲೇ ತಿಳಿಸಿದ್ದರೂ ಕೇಳಲಿಲ್ಲ. ಆತ ಲಕ್ಷಗಟ್ಟಲೆ ಡಾಲರುಗಳನ್ನು ಬೇಡವೆಂದು ಶಾಲೆಯಲ್ಲಿ ಗಣಿತದ ಮೇಷ್ಟರಾದರು.

ಇಬ್ಬರೂ ಒಂದೇ ಮತದವರು. ಮತ ಇಬ್ಬರನ್ನೂ ತನ್ನವರೆಂದೇ ಭಾವಿಸಿತು. ಹಾಗಾದರೆ ರಾತ್ರಿಯೂಟದ ವೇಳೆ ಹತ್ತು ವರ್ಷದ ಮಗ, “ಅಪ್ಪಾ, ಇವರಲ್ಲಿ ಯಾರು ಮಾಡಿದ್ದು ಸರಿ?” ಎಂದರೆ ತಂದೆ ಏನು ಹೇಳಬೇಕು? ಒಬ್ಬನ ಚಿತ್ರ ಹುಡುಗನ ಕೋಣೆಯ ಗೋಡೆಯ ಮೇಲಿದೆ. ಇನ್ನೊಬ್ಬನ ಹೆಸರನ್ನು ತಂದೆಯೇ ಎಷ್ಟೋ ಬಾರಿ ನಿದರ್ಶನವಾಗಿ ಎತ್ತಿದ್ದಾನೆ.

ಚರ್ಚಿನ ಹಿರಿಯರು ಒಂದು ಪಟ್ಟಿ ಕೊಟ್ಟಿದ್ದರೆ ಪಾರಾಗಬಹುದಿತ್ತು. ಅದೂ ಇಲ್ಲ. ಹೃದಯದ ಶಸ್ತ್ರವೈದ್ಯರಾಗಿದ್ದು ಮುಂದೆ ಚರ್ಚಿನ ಅಧ್ಯಕ್ಷರಾದ ರಸೆಲ್ ನೆಲ್ಸನ್ 2015ರ ಏಪ್ರಿಲಿನ ಮಹಾಸಭೆಯಲ್ಲಿ, ಚಿಕ್ಕಂದಿನಲ್ಲಿ ತಾವು ಭಾನುವಾರದ ವಿಧಿನಿಷೇಧಗಳ ಪಟ್ಟಿಗಳನ್ನು ಓದುತ್ತಿದ್ದುದನ್ನು ನೆನೆದು, ಈಗ ತಮಗೆ ಅವು ಬೇಕಾಗಿಲ್ಲ, ತನ್ನ ನಡತೆಯಿಂದ ದೇವರಿಗೆ ಯಾವ ಸಂಕೇತ ಕೊಡಬೇಕೆಂದು ಕೇಳಿಕೊಂಡರೆ ಸಾಕು ಎಂಬರ್ಥದ ಮಾತನ್ನಾಡಿದರು. ಕೇಳಲು ಉದಾರವಾದ ಮಾತು. ಪಾಲಿಸಲು ಪಟ್ಟಿಗಿಂತ ನೂರು ಪಾಲು ಕಠಿಣ! ಪಟ್ಟಿಯಿದ್ದರೆ ಮಕ್ಕಳು ಪಟ್ಟಿಯನ್ನು ನೋಡುತ್ತಾರೆ. ಇಲ್ಲದಿದ್ದರೆ ಅಪ್ಪನನ್ನು ನೋಡುತ್ತಾರೆ.

ಪಂಚಾಂಗವೂ ಈ ಬಡಪಾಯಿಯ ಪಕ್ಷಕ್ಕಿರಲಿಲ್ಲ. 2004ರಿಂದ 2021ರವರೆಗೆ ಪ್ರತಿವರ್ಷವೂ ಸೂಪರ್ ಬೌಲ್ ಬಿದ್ದದ್ದು ಫೆಬ್ರವರಿಯ ಮೊದಲ ಭಾನುವಾರ, ಎಂದರೆ ಉಪವಾಸದ ದಿನ. ಯೂಟಾದ ಗಡಿಯಾರದಲ್ಲಿ ಆಟ ಶುರುವಾಗುವುದು ಸಂಜೆ ನಾಲ್ಕೂವರೆಯ ಸುಮಾರಿಗೆ. ಅನೇಕ ಮನೆಗಳಲ್ಲಿ ಉಪವಾಸ ಬಿಡುವ ಹೊತ್ತೂ ಅದರ ಆಸುಪಾಸಿನಲ್ಲಿಯೇ. ಮಂಡಿಯೂರಿ ಪ್ರಾರ್ಥಿಸುವಾಗ ಒಂದು ಕಣ್ಣು ಗೋಡೆಯ ಗಡಿಯಾರದ ಮೇಲೆ ಹರಿದರೆ ದೇವರು ಕ್ಷಮಿಸಬಹುದು, ಹೆಂಡತಿ ಕ್ಷಮಿಸುವುದು ಅನುಮಾನ. 2022ರಿಂದ ಪಂದ್ಯ ಎರಡನೆಯ ಭಾನುವಾರಕ್ಕೆ ಸರಿದು ಹೊಟ್ಟೆಯ ಪ್ರಶ್ನೆ ಬಗೆಹರಿಯಿತು. ಮನಸ್ಸಿನದು ಹಾಗೆಯೇ ಇದೆ. ಕೆಲವು ಮನೆಗಳಲ್ಲಿ ದೂರದರ್ಶನದ ಪೆಟ್ಟಿಗೆ ಅಂದು ಕಣ್ಣು ತೆರೆಯುವುದಿಲ್ಲ. ಕೆಲವರು ನೆರೆಯವರನ್ನೇ ಕರೆದು ಒಟ್ಟಿಗೆ ನೋಡುತ್ತಾರೆ. ಆಟವನ್ನು ಯಂತ್ರದಲ್ಲಿ ಹಿಡಿದಿಟ್ಟು ಮರುದಿನ ನೋಡೋಣವೆಂಬ ಜಾಣರೂ ಇದ್ದಾರೆ.

ಆದರೆ ಮರುದಿನ ಸೋಮವಾರ! ವಾರಕ್ಕೊಂದು ಸಂಜೆ ತಂದೆತಾಯಿಗಳು ಮಕ್ಕಳೊಡನೆ ಕುಳಿತು ಹಾಡು, ಓದು, ಆಟ, ತಿಂಡಿಗಳಲ್ಲಿ ಕಳೆಯಬೇಕೆಂಬ ಪದ್ಧತಿಯನ್ನು ಚರ್ಚು 1915ರಲ್ಲಿಯೇ ಸೂಚಿಸಿತ್ತು. ಅದಕ್ಕೆ ಸೋಮವಾರವೆಂದು ನಿಶ್ಚಯಿಸಿದ್ದು 1970ರಲ್ಲಿ. ಅಮೆರಿಕದ ದೂರದರ್ಶನದವರು ಸೋಮವಾರ ರಾತ್ರಿಯ ಫುಟ್‌ಬಾಲ್ ಪ್ರಸಾರವನ್ನು ಆರಂಭಿಸಿದ್ದೂ ಅದೇ ವರ್ಷ! ಈ ಕಾಕತಾಳೀಯದಿಂದ ಅರ್ಧ ಶತಮಾನದಲ್ಲಿ ಎಷ್ಟು ಮಂದಿ ತಂದೆಯರ ಭಜನೆ ಅವಸರದಲ್ಲಿ ಮುಗಿದಿತೋ, ಲೆಕ್ಕವಿಟ್ಟವರಿಲ್ಲ.

ಹದಿನೆಂಟು ತುಂಬಿದ ಹುಡುಗ ಎರಡು ವರ್ಷ ಮತಪ್ರಚಾರಕ್ಕೆ ಹೊರಡುವುದು ಈ ಮನೆಗಳ ವಾಡಿಕೆ. ತಂಡದ ಆಟಗಾರರೇ ನಡುವೆ ಆಟ ಬಿಟ್ಟು ಹೋಗಿಬರುತ್ತಾರೆ. ಎಲ್ಲಿಗೆಂಬುದನ್ನು ಚರ್ಚೇ ನಿರ್ಧರಿಸುತ್ತದೆ. ಬೆಂಗಳೂರಿನಲ್ಲಿಯೂ 1993ರಿಂದ ಅದರ ಕೇಂದ್ರವೊಂದಿದ್ದು, 2020ರ ಡಿಸೆಂಬರಿನಲ್ಲಿ ಅಲ್ಲಿ ದೇವಾಲಯಕ್ಕೆ ಗುದ್ದಲಿಪೂಜೆಯಾಯಿತು. ಹೋದಲ್ಲಿ ಹುಡುಗನಿಗೆ ಪಂದ್ಯ ನೋಡುವ ಅವಕಾಶವಿಲ್ಲ. ಮೊದಲು ಮನೆಗೆ ಮಾತನಾಡಲು ವರ್ಷಕ್ಕೆ ಎರಡೇ ಸಲ ಅನುಮತಿಯಿತ್ತು. 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಆಗಬಹುದು. ತಾಯಿ ಊಟ ನಿದ್ದೆಗಳನ್ನು ವಿಚಾರಿಸುತ್ತಾಳೆ, ತಂಗಿಯರು ಜಗಳ ತೆಗೆಯುತ್ತಾರೆ, ತಂದೆ ಗಂಭೀರವಾಗಿ ಧರ್ಮಗ್ರಂಥದ ಅಧ್ಯಯನ ಎಲ್ಲಿಗೆ ಬಂತೆಂದು ಕೇಳುತ್ತಾನೆ. ಮಗ ಎಲ್ಲಕ್ಕೂ ವಿಧೇಯನಾಗಿ ಉತ್ತರಿಸಿ, ಕರೆ ಮುಗಿಯುವ ಮುನ್ನ ದನಿ ತಗ್ಗಿಸಿ ಕೇಳುತ್ತಾನೆ: “ಅಪ್ಪಾ, ಶನಿವಾರ ಏನಾಯಿತು?”