ಎಪ್ಪತ್ತೊಂದನೆಯ ನಂಬರಿನ ಟ್ರಾಮು

ಯೂರೋಪಿನ ಪ್ರವಾಸಕ್ಕೆ ಹೊರಡುವ ನಮ್ಮವರ ಕೈಯಲ್ಲಿ ಪಂಚಾಂಗಕ್ಕಿಂತಲೂ ಕಟ್ಟುನಿಟ್ಟಾದ ಒಂದು ವೇಳಾಪಟ್ಟಿ ಇರುತ್ತದೆ. ಹನ್ನೆರಡು ದಿನ, ಏಳು ದೇಶ. ಅದರಲ್ಲಿ ವಿಯೆನ್ನಾ ನಗರದ ಪಾಲಿಗೆ ಬರುವುದು ಒಂದೂವರೆ ದಿನ. ಷೋನ್‌ಬ್ರುನ್ ಅರಮನೆ, ಹೋಫ್‌ಬುರ್ಗ್ ಎಂಬ ಮತ್ತೊಂದು ಅರಮನೆ, ಸಂತ ಸ್ಟೀಫನ್ನರ ಇಗರ್ಜಿ, ನಾಲ್ಕು ಡಜನ್ ಛಾಯಾಚಿತ್ರ. ಅಲ್ಲಿಗೆ ವಿಯೆನ್ನಾ ಮುಗಿಯಿತು. ಇದನ್ನು ಹಳಿಯುವ ಉದ್ದೇಶ ನನಗಿಲ್ಲ. ಅರಮನೆಗಳಿರುವುದು ನೋಡುವುದಕ್ಕಾಗಿಯೇ. ಆದರೆ ಅದು ಊರಿನ ನಡುಮನೆ. ಹಿತ್ತಿಲನ್ನು ನೋಡಬೇಕಾದರೆ ಒಂದು ದಿನ ಹೆಚ್ಚಾಗಿ ದೊರೆಯಬೇಕು.

ನಮಗೆ ಆ ದಿನ ದೊರೆತದ್ದು ಮೇ ತಿಂಗಳ ಒಂದು ಗುಡುಗುಮಳೆಯ ಕೃಪೆಯಿಂದ. ವಿಮಾನ ರದ್ದಾಯಿತು, ಬದಲಿ ವಿಮಾನಕ್ಕೆ ಒಂದು ದಿನ ಕಾಯಬೇಕು ಎಂದರು. ಇಂಥ ಸಂದರ್ಭಕ್ಕೆ ಓದುಗರು ತಿಳಿದಿರಬೇಕಾದ ಮಾತೊಂದುಂಟು. ಐರೋಪ್ಯ ಒಕ್ಕೂಟದ 2004ರ ಕಟ್ಟಳೆಯೊಂದರ ಪ್ರಕಾರ, ಒಕ್ಕೂಟದ ನಿಲ್ದಾಣದಿಂದ ಹೊರಡುವ ವಿಮಾನ ರದ್ದಾಗಿ ಮರುದಿನದವರೆಗೆ ಕಾಯಬೇಕಾದರೆ, ಕಾರಣ ಹವಾಮಾನವೇ ಆಗಿದ್ದರೂ, ಪ್ರಯಾಣಿಕನ ಊಟ ಮತ್ತು ವಸತಿ ವಿಮಾನ ಸಂಸ್ಥೆಯ ಹೊಣೆ. ಸಂಕೋಚಪಡದೆ ಕೇಳಬೇಕು. ವೀಸಾದಲ್ಲಿ ಬರೆದ ದಿನಗಳನ್ನು ಎಣಿಸಿ ನೋಡುವುದೂ ಅಷ್ಟೇ ಅಗತ್ಯ.

ನಗರದ ನಡುವಿನಿಂದ ಹೊರಡುವ 71ನೆಯ ನಂಬರಿನ ಟ್ರಾಮನ್ನು ಹತ್ತಿದೆವು. ಅದು ಕೇಂದ್ರ ಸ್ಮಶಾನಕ್ಕೆ ಹೋಗುವ ಟ್ರಾಮು. ಯಾರಾದರೂ ತೀರಿಕೊಂಡರೆ, "ಎಪ್ಪತ್ತೊಂದನ್ನು ಹತ್ತಿದರು" ಎನ್ನುವುದು ವಿಯೆನ್ನಾದವರ ವಾಡಿಕೆ. ಇದನ್ನು ಕೇಳಿ ನನ್ನ ಶ್ರೀಮತಿ, "ಸ್ಮಶಾನ ನೋಡುವುದಕ್ಕೆ ಇಷ್ಟು ದೂರ ಬರಬೇಕಾಗಿತ್ತೇನು? ಬಂದಮೇಲೆ ತಲೆಗೆ ಸ್ನಾನ ಮಾಡಬೇಕು, ನೆನಪಿರಲಿ" ಎಂದಳು.

ದಾರಿಯಲ್ಲಿ ಷ್ವಾರ್ಟ್ಸೆನ್‌ಬರ್ಗ್ ಚೌಕದಲ್ಲಿ ದೊಡ್ಡದೊಂದು ಕಾರಂಜಿ. ಯಾವ ದೊರೆಯ ದಿಗ್ವಿಜಯಕ್ಕೂ ಅದನ್ನು ಕಟ್ಟಿಸಲಿಲ್ಲ; 1873ರಲ್ಲಿ ಆಲ್ಪ್ಸ್ ಪರ್ವತದ ಊಟೆಯ ನೀರು ಮೊದಲ ಬಾರಿಗೆ ಊರಿಗೆ ಹರಿದು ಬಂದ ಸಂಭ್ರಮಕ್ಕೆ ಕಟ್ಟಿಸಿದರು. 1910ರಲ್ಲಿ ಎರಡನೆಯ ಕಾಲುವೆಯೂ ಸುಮಾರು 180 ಕಿಲೋಮೀಟರು ದೂರದಿಂದ ಬಂದಿತು. ಪರ್ವತದಿಂದ ನಗರದವರೆಗೆ ನೀರು ಇಳಿಜಾರಿನಲ್ಲಿ ತಾನಾಗಿಯೇ ಹರಿಯುತ್ತದೆ. ನೂರು ಕಿಲೋಮೀಟರಿನಾಚೆಯ ಕಾವೇರಿಯನ್ನು ಯಂತ್ರಗಳ ಬಲದಿಂದ ಮೇಲೆತ್ತಿ ತರಿಸಿಕೊಳ್ಳುವ ಬೆಂಗಳೂರಿನವರಿಗೆ ಇದು ಹೊಟ್ಟೆಕಿಚ್ಚಿನ ವಿಷಯ. ಇಲ್ಲಿಯ ಕಾಫಿ ಮನೆಗಳಲ್ಲಿ ಕಾಫಿಯ ಜೊತೆಗೆ ತಪ್ಪದೆ ಒಂದು ಲೋಟ ತಣ್ಣೀರು ತಂದಿಡುತ್ತಾರೆ. ಅದು ಈ ಪರ್ವತದ ನೀರೇ. ಕಾಫಿಯ ವಿಷಯದಲ್ಲಿ ನಮ್ಮ ಫಿಲ್ಟರಿನ ಪಕ್ಷವನ್ನು ನಾನು ಬಿಡಲೊಲ್ಲೆ. ನೀರಿನ ವಿಷಯದಲ್ಲಿ ಸೋಲನ್ನು ಒಪ್ಪುತ್ತೇನೆ.

1874ರಲ್ಲಿ ತೆರೆದ ಆ ಸ್ಮಶಾನದ ವಿಸ್ತಾರ ಸುಮಾರು ಎರಡೂವರೆ ಚದರ ಕಿಲೋಮೀಟರು. ಅಲ್ಲಿ ಮಲಗಿರುವವರ ಸಂಖ್ಯೆ, ಇಂದು ವಿಯೆನ್ನಾದಲ್ಲಿ ಬದುಕಿರುವವರ ಸಂಖ್ಯೆಗಿಂತ ಹೆಚ್ಚು. ಎರಡನೆಯ ದ್ವಾರದಿಂದ ಒಳಹೊಕ್ಕರೆ ಸಂಗೀತಗಾರರ ಸಮಾಧಿಗಳು. ಬೇಟೋವನ್ ಮತ್ತು ಷೂಬರ್ಟ್ ಅಕ್ಕಪಕ್ಕದಲ್ಲಿದ್ದಾರೆ. ಇಬ್ಬರನ್ನೂ 1888ರಲ್ಲಿ ಹಳೆಯ ಸ್ಮಶಾನವೊಂದರಿಂದ ಇಲ್ಲಿಗೆ ತಂದರು. ಸಮೀಪದಲ್ಲಿಯೇ ಬ್ರಾಮ್ಸ್, ಯೋಹಾನ್ ಸ್ಟ್ರೌಸ್. ನಡುವೆ ಮೋಟ್ಸಾರ್ಟನ ಸ್ಮಾರಕ. ಸ್ಮಾರಕ ಮಾತ್ರ, ಸಮಾಧಿಯಲ್ಲ. ಮೂವತ್ತೈದರ ಹರೆಯದಲ್ಲಿ 1791ರಲ್ಲಿ ತೀರಿಕೊಂಡ ಅವನನ್ನು ಅಂದಿನ ರೂಢಿಯಂತೆ ಗುರುತಿನ ಕಲ್ಲಿಲ್ಲದೆ ಬೇರೊಂದು ಸ್ಮಶಾನದಲ್ಲಿ ಹೂಳಿದರು. ನಿಖರವಾದ ಸ್ಥಳ ಯಾವುದೆಂಬುದು ಮುಂದೆ ಮರೆತೇ ಹೋಯಿತು. ಹೂಗುಚ್ಛಗಳು ಮಾತ್ರ ಆ ಖಾಲಿ ಸ್ಮಾರಕದ ಮುಂದೆಯೂ ಬೇಕಾದಷ್ಟಿದ್ದವು. ಜನ ಬರುತ್ತಿದ್ದರು, ಚಿತ್ರ ತೆಗೆದುಕೊಳ್ಳುತ್ತಿದ್ದರು, ಹೋಗುತ್ತಿದ್ದರು. ನಾವೂ ತೆಗೆದುಕೊಂಡೆವು.

ಊರಿನ ಕಡೆಗೆ ಒಂದು ನಿಲ್ದಾಣ ಹಿಂದಕ್ಕೆ ಬಂದರೆ ಒಂದನೆಯ ದ್ವಾರ. ಅದು ಯೆಹೂದ್ಯರ ಹಳೆಯ ಸ್ಮಶಾನದ ಬಾಗಿಲು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಮುಖ್ಯ ದಾರಿ ಅಚ್ಚುಕಟ್ಟಾಗಿಯೇ ಇತ್ತು. ನಾಟಕಕಾರ ಷ್ನಿಟ್ಸ್ಲರನ ಸಮಾಧಿಯೂ ಈ ಭಾಗದಲ್ಲಿಯೇ ಇದೆ. ಆದರೆ ದಾರಿ ಬಿಟ್ಟು ಹತ್ತು ಹೆಜ್ಜೆ ಒಳಗೆ ನಡೆದರೆ ಕಾಡು. ನುಣುಪಾದ ಕರಿಕಲ್ಲಿನ ಸಮಾಧಿಗಳನ್ನು ಬಳ್ಳಿಗಳು ಕವಿದಿವೆ. ಕೆಲವು ಕಲ್ಲುಗಳು ಬೋರಲಾಗಿ ಬಿದ್ದಿವೆ. ಬಡವರ ಕಲ್ಲುಗಳಲ್ಲ ಅವು. ವೈದ್ಯರು, ವಕೀಲರು, ವರ್ತಕರು, ಮಕ್ಕಳನ್ನು ಓದಿಸಿ ಮುಂದಕ್ಕೆ ತಂದ ನಮ್ಮನಿಮ್ಮಂಥ ಸಂಸಾರಸ್ಥರು.

ಹೀಗೇಕೆ ಬಿಟ್ಟರೆಂದು ಮೊದಲು ಕೋಪ ಬಂದಿತು. ಕಾರಣ ಸರಳವಾಗಿದೆ. 1934ರ ಜನಗಣತಿಯಲ್ಲಿ ವಿಯೆನ್ನಾದ ಯೆಹೂದ್ಯರ ಸಂಖ್ಯೆ ಸುಮಾರು 1,76,000. 1938ರ ಮಾರ್ಚಿಯಲ್ಲಿ ಹಿಟ್ಲರನ ಸೇನೆ ಬಂದಿತು. ಹೆಚ್ಚಿನವರು ಮನೆಮಠ ಬಿಟ್ಟು ದೇಶಾಂತರ ಹೋದರು; ಆಸ್ಟ್ರಿಯಾದ 65,000ಕ್ಕೂ ಹೆಚ್ಚು ಮಂದಿ ಕೊಲೆಯಾದರು. ಅಜ್ಜನ ಸಮಾಧಿಯ ಕಳೆ ಕೀಳಬೇಕಾದ ಮೊಮ್ಮಗನಿಗೆ ತನಗೇ ಒಂದು ಸಮಾಧಿಯಿಲ್ಲ. ವರ್ಷಕ್ಕೊಮ್ಮೆ ಎಳ್ಳು ನೀರು ಬಿಡಲು ಯಾರೂ ಉಳಿಯದ ಮನೆ ಎಂದರೆ ಏನೆಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅವರಲ್ಲಿ ಸಮಾಧಿಗೆ ಹೂವಿನ ಬದಲು ಒಂದು ಸಣ್ಣ ಕಲ್ಲನ್ನು ಇಡುವ ಸಂಪ್ರದಾಯವಿದೆ. ದಾರಿಯ ಬದಿಯ ಕೆಲವು ಸಮಾಧಿಗಳ ಮೇಲೆ ಅಂಥ ಕಲ್ಲುಗಳು ಕಂಡವು. ಯಾರೋ ದೂರದೇಶದಿಂದ ಬಂದವರು ಇಟ್ಟಿದ್ದಿರಬೇಕು. ಒಳಗಿನವುಗಳ ಮೇಲೆ ಏನೂ ಇರಲಿಲ್ಲ. ನನ್ನ ಶ್ರೀಮತಿ ನೆಲದಿಂದ ಒಂದು ಕಲ್ಲನ್ನು ಆಯ್ದು, ಸೆರಗಿನಿಂದ ಒರೆಸಿ, ಹೆಸರು ಓದಲಾಗದಂತೆ ಬಳ್ಳಿ ಮುಚ್ಚಿದ್ದ ಒಂದು ಸಮಾಧಿಯ ಅಂಚಿನಲ್ಲಿಟ್ಟಳು. "ಯಾರದೋ ಏನೋ" ಎಂದಳು.

ಟ್ರಾಮು ಬಂದಾಗ ಎರಡನೆಯ ದ್ವಾರದಲ್ಲಿ ಹತ್ತಿದವರಿಂದ ಅದು ತುಂಬಿಹೋಗಿತ್ತು. ಒಂದನೆಯ ದ್ವಾರದಲ್ಲಿ ಹತ್ತಿದವರು ನಾವಿಬ್ಬರೇ.